ಮುನಿರಾಜನ ಲೆಕ್ಕ ಹಾಕಿದ್ದು ಯಾರು?

ನಮಸ್ಕಾರ. ನಿಮ್ಮ ಟೊಮೆಟೊ ಮಂಡಿಯ ಕಥೆ ಓದಿದೆ. ಕೋಲಾರದ ಎಪಿಎಂಸಿ ಯಾರ್ಡಿನ ಬೆಳಗಿನ ಗಲಾಟೆ ಚೆನ್ನಾಗಿ ಬಂದಿದೆ. ಭಾಷೆಯೂ ಹಿಡಿತದಲ್ಲಿದೆ. ಇನ್ನು ನನ್ನ ಸಿಟ್ಟಿಗೆ ಬರುತ್ತೇನೆ.

ಹಾಸ್ಟೆಲಿನಲ್ಲಿ ಮುನಿರಾಜನನ್ನು ಗೋಳು ಹೊಯ್ದುಕೊಂಡಿದ್ದ ಶ್ರೀನಾಥ ವರ್ಷಗಳ ಮೇಲೆ ಮಂಡಿಯಲ್ಲಿ ಕಾಣಿಸುತ್ತಾನೆ. ಮುನಿರಾಜ ಚಾಕು ಹಾಕುತ್ತಾನೆ. ಅಲ್ಲಿ ನೀವು ಬರೆದದ್ದು: ‘ಮುನಿರಾಜ ಲಾಭ ನಷ್ಟ ತೂಗಿ ನೋಡಿದ. ಜೀವಾವಧಿ ಶಿಕ್ಷೆಗಿಂತ ಸೇಡಿನ ತೃಪ್ತಿಯೇ ಹೆಚ್ಚೆನಿಸಿತು.’

ಹೀಗೆ ಯೋಚಿಸಿದ್ದು ನೀವು. ಮುನಿರಾಜ ಎಲ್ಲಿ ಹೋದ? ಜೊತೆಗಿಟ್ಟ ಪತ್ರದಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಹೆಸರು ಹೇಳಿದ್ದೀರಿ. ತಪ್ಪು ಮಾಡುವವನೂ ಸಿಗುವ ಲಾಭ, ಸಿಕ್ಕಿಬೀಳುವ ಸಾಧ್ಯತೆ, ಶಿಕ್ಷೆಯ ಭಾರ ತೂಗುತ್ತಾನೆ ಎಂದು ಅವರು 1968ರಲ್ಲಿ ವಾದಿಸಿದ್ದು ನಿಜ. ಆದರೆ 1980ರ ದಶಕದಲ್ಲಿ ಅಪರಾಧಶಾಸ್ತ್ರಜ್ಞರಾದ ಕಾರ್ನಿಶ್ ಮತ್ತು ಕ್ಲಾರ್ಕ್ ಅದನ್ನು ಪಳಗಿಸಿದರು. ಆ ಲೆಕ್ಕ ಅರೆಬರೆ, ಅವಸರದ್ದು, ಗೊತ್ತಿದ್ದಷ್ಟರಲ್ಲೇ ಹಾಕಿದ್ದು ಎಂದರು. ಕಥೆಗಾರನಿಗೆ ಬೇಕಾದ್ದು ಆ ಅರೆಬರೆಯೇ. ನಿಮ್ಮ ಮುನಿರಾಜ ಹರಾಜಿನಲ್ಲಿ 15 ಕೆಜಿ ಬಾಕ್ಸಿನ ರೇಟು ಕೂಗುವವನು. ಗೇಟು ಎಷ್ಟು ದೂರ, ಲಾರಿ ಅಡ್ಡ ನಿಂತಿದೆಯಾ, ಶ್ರೀನಾಥನ ಜೊತೆ ಯಾರಿದ್ದಾರೆ, ಇಷ್ಟು ನೋಡುತ್ತಾನೆ. ಜೀವಾವಧಿ ಅವನ ತಲೆಗೇ ಬರುವುದಿಲ್ಲ. (ಅಂದ ಹಾಗೆ, 2025ರ ಕಥೆಯ ಎಫ್‌ಐಆರ್‌ನಲ್ಲಿ ಹಳೆಯ ಐಪಿಸಿಯ 302 ಹಾಕಿಸಿದ್ದೀರಿ. 2024ರ ಜುಲೈ 1ರಿಂದ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್.)

ಎರಡನೆಯದು ಇನ್ನೂ ಚುಚ್ಚಿತು. ‘ಒಮ್ಮೆ ಶ್ರೀನಾಥ ಅವನ ಕೆನ್ನೆಗೆ ಬಾರಿಸಿದ್ದ. ಆ ಅವಮಾನ ಎದೆಯಲ್ಲಿ ಹೆಪ್ಪುಗಟ್ಟಿತ್ತು.’ ಒಂದೇ ಏಟಾದರೆ ಅದು ಜಗಳ. ಬುಲ್ಲಿಯಿಂಗ್ ಅಂದರೆ ಬೇಕಂತಲೇ, ಮತ್ತೆ ಮತ್ತೆ, ತಿರುಗಿ ನಿಲ್ಲಲಾಗದವನ ಮೇಲೆ ನಡೆಯುವುದು. ಶಾಲೆಗಳಲ್ಲಿ ಇದರ ಬಗ್ಗೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಹೇಳಿದ್ದೂ ಇದನ್ನೇ. ಹಾಗಾದರೆ ದಿನಾ ಏನಾಗುತ್ತಿತ್ತು? ಸಾರಿನ ಸೌಟು ಅವನ ತಟ್ಟೆ ದಾಟಿ ಹೋಗುತ್ತಿತ್ತಾ? ಶ್ರೀನಾಥನ ಬಟ್ಟೆ ಒಗೆಯುತ್ತಿದ್ದನಾ? ವಾರ್ಡನ್‌ಗೆ ಗೊತ್ತಿತ್ತಾ? ಯಾರು ನಗುತ್ತಿದ್ದರು? ಇಂಥದ್ದನ್ನು ಅನುಭವಿಸಿದ ಬಹುಪಾಲು ಜನ ಯಾರಿಗೂ ಚಾಕು ಹಾಕುವುದಿಲ್ಲ, ಅಲ್ವಾ? ಇವನು ಯಾಕೆ ಹಾಕಿದ?

ನಾನು ಕೆಲಸ ಕಲಿತದ್ದೂ ಕೋಲಾರದಲ್ಲೇ, ಒಂದು ಸಣ್ಣ ಪತ್ರಿಕೆಗೆ ಕೋರ್ಟ್ ವರದಿ ಬರೆಯುತ್ತಾ. ‘ದ್ವೇಷದಿಂದ ಕೊಂದ’ ಎಂದು ಬರೆದರೆ ನಮ್ಮ ಹಿರಿಯ ಉಪಸಂಪಾದಕರು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದರು. ‘ದ್ವೇಷವನ್ನ ನೀನು ನೋಡಿದೆಯೇನಪ್ಪಾ? ಅಲ್ಲಿ ಯಾರ್ಯಾರು ನಿಂತಿದ್ದರು, ಅದನ್ನ ಬರಿ.’ ಆಮೇಲೆ ಸಾಕ್ಷಿಗಳ ಮಾತನ್ನು ಬೇರೆ ಥರ ಕೇಳತೊಡಗಿದೆ. ‘ಎಲ್ಲರೂ ನಕ್ಕರು ಸಾರ್’ ಅನ್ನೋದು ಎಷ್ಟು ಕೇಸುಗಳಲ್ಲಿ ಬರುತ್ತಿತ್ತು!

ನಿಮ್ಮ ಮುನಿರಾಜ ತೂಗುತ್ತಿರುವುದು ಆ ನಗುವನ್ನು. ಮಂಡಿಯ ದೃಶ್ಯ ಮತ್ತೆ ಬರೆಯಿರಿ. ಶ್ರೀನಾಥ ಕೈ ಎತ್ತಬೇಕಾಗಿಲ್ಲ. ಹಮಾಲಿಗಳ ಮುಂದೆ ಹಾಸ್ಟೆಲಿನ ಅಡ್ಡಹೆಸರು ಹಿಡಿದು ಕರೆದರೆ ಸಾಕು. ಪ್ರಬಂಧದಂತಿರುವ ಕೊನೆಯ ಎರಡು ಪ್ಯಾರಾ ತೆಗೆದುಬಿಡಿ. ಬೆಕರ್ ಪತ್ರದಲ್ಲೇ ಇರಲಿ, ಕಥೆಯೊಳಗೆ ಬರುವುದು ಬೇಡ. ತಿದ್ದಿ ಕಳಿಸಿ, ಓದುತ್ತೇನೆ.