ಕ್ರಯಪತ್ರದಲ್ಲಿ ಕಾಣದ ಹಣ

ನನ್ನ ಬಳಿಗೆ ಸಲಹೆಗೆಂದು ಬರುವ ದಂಪತಿಗಳಲ್ಲಿ ಹಲವರು ತಮ್ಮ ಮನಸ್ತಾಪಕ್ಕೆ ಬೇರೆ ಬೇರೆ ಕಾರಣಗಳನ್ನು ಹೇಳುತ್ತಾರೆ. ಆದರೆ ಮಾತು ಸುತ್ತಿ ಬಳಸಿ ಬಂದು ನಿಲ್ಲುವುದು ಬಹಳ ಸಲ ಮನೆಯ ಸಾಲದ ಬಳಿಯೇ. ಅದರಲ್ಲೂ ಬ್ಯಾಂಕು ಕೊಟ್ಟ ಸಾಲಕ್ಕಿಂತ ಹೆಚ್ಚಾಗಿ, ಬ್ಯಾಂಕು ಕೊಡದೆ ಉಳಿಸಿದ ಹಣವನ್ನು ಯಾರು ತುಂಬಿದರು, ಏನೆಂದುಕೊಂಡು ತುಂಬಿದರು ಎಂಬುದರ ಬಳಿ. ಇಲ್ಲಿರುವುದು ಅಂಥ ಒಂದು ಪ್ರಕರಣ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅವರ ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ಪತಿ ಬೆಂಗಳೂರಿನ ಖಾಸಗಿ ಕಂಪನಿಯೊಂದರ ಉದ್ಯೋಗಿ. ಪತ್ನಿ ಲೆಕ್ಕಪತ್ರ ವಿಭಾಗದಲ್ಲಿದ್ದು, ವಾರದ ಹೆಚ್ಚಿನ ದಿನಗಳಲ್ಲಿ ಮನೆಯಿಂದಲೇ ಕೆಲಸ ಮಾಡುವವರು. ಪತಿಯ ತಂದೆ ಹಾಸನ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯೊಂದರಿಂದ ನಿವೃತ್ತರಾದ ಮೇಷ್ಟ್ರು. ತಾಯಿಗೆ ಮಂಡಿಯ ಸವೆತ. 2021ರ ಸೆಪ್ಟೆಂಬರಿನಲ್ಲಿ ಈ ದಂಪತಿ ಮೂರು ಕೋಣೆಗಳ ಸಿದ್ಧ ಫ್ಲ್ಯಾಟೊಂದನ್ನು 78 ಲಕ್ಷಕ್ಕೆ ಕೊಂಡರು.

ರಿಸರ್ವ್ ಬ್ಯಾಂಕಿನ ನಿಯಮದಂತೆ, 30 ಲಕ್ಷಕ್ಕಿಂತ ಹೆಚ್ಚಿನ ಮತ್ತು 75 ಲಕ್ಷದವರೆಗಿನ ಗೃಹಸಾಲವು ಮನೆಯ ಬೆಲೆಯ ಶೇ 80ನ್ನು ಮೀರುವಂತಿಲ್ಲ. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕಗಳು ಆ ಬೆಲೆಯ ಲೆಕ್ಕಕ್ಕೆ ಬರುವುದೂ ಇಲ್ಲ. ಇವರಿಗೆ 60 ಲಕ್ಷ ಸಾಲ ಸಿಕ್ಕಿತು. ಉಳಿದ 18 ಲಕ್ಷ, ಅದರ ಮೇಲೆ ಮುದ್ರಾಂಕ, ಅದಕ್ಕಂಟಿದ ಸೆಸ್, ಸರ್ಚಾರ್ಜ್ ಮತ್ತು ನೋಂದಣಿ ಸೇರಿ ಆಗಿನ ದರದಲ್ಲಿ ಸುಮಾರು ಶೇ 6.6ರಂತೆ 5 ಲಕ್ಷದಷ್ಟು, ಪಾರ್ಕಿಂಗ್, ಫ್ಲ್ಯಾಟ್ ಮಾಲೀಕರ ಸಂಘದ ಮೂಲನಿಧಿ, ಅಡುಗೆಮನೆಯ ಕಪಾಟು, ಕಿಟಕಿಯ ಗ್ರಿಲ್ಲು ಎಂದು ಮತ್ತೆ 9 ಲಕ್ಷ, ಒಟ್ಟು 32 ಲಕ್ಷವನ್ನು ಕೈಯಿಂದ ಹಾಕಬೇಕಾಯಿತು. (2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿರುವುದರಿಂದ ಇಂದು ಕೊಳ್ಳುವವರ ಕೈಹಣ ಇನ್ನಷ್ಟು ದೊಡ್ಡದು.) ದಂಪತಿಯ ಉಳಿತಾಯ 10 ಲಕ್ಷವಿತ್ತು. ಮಿಕ್ಕ 22 ಲಕ್ಷವನ್ನು ಮೇಷ್ಟ್ರು ತಮ್ಮ ಗ್ರಾಚ್ಯುಟಿ, ಭವಿಷ್ಯ ನಿಧಿ (ಜಿಪಿಎಫ್) ಮತ್ತು ಪಿಂಚಣಿಯ ಕಮ್ಯುಟೇಶನ್ ಹಣದಿಂದ, ಅಂದರೆ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಒಟ್ಟಿಗೆ ಪಡೆದ ಮೊತ್ತದಿಂದ, ಚೆಕ್ ಮೂಲಕ ಕೊಟ್ಟರು. ಕ್ರಯಪತ್ರ ಮಗನೊಬ್ಬನ ಹೆಸರಿಗೆ ಆಯಿತು. ಸಾಲಕ್ಕೆ ಮಾತ್ರ ಸೊಸೆಯೂ ಸಹಿ ಹಾಕಿದರು, ಏಕೆಂದರೆ ಇಬ್ಬರ ಸಂಬಳವನ್ನೂ ಕೂಡಿಸದೆ ಅಷ್ಟು ಸಾಲ ಮಂಜೂರಾಗುತ್ತಿರಲಿಲ್ಲ.

ನೋಂದಣಿಯ ದಿನ ಎಲ್ಲರೂ ಸಂತೋಷವಾಗಿದ್ದರಂತೆ. ಆಮೇಲೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ಶೇ 4ರಿಂದ ಶೇ 6.5ಕ್ಕೆ ಏರಿತು. ಇವರ ಸಾಲ ಶೇ 6.75ರಿಂದ ಶೇ 9.25ಕ್ಕೆ ಹೋಯಿತು. 45,600 ರೂಪಾಯಿಯ ಕಂತು ಬಡ್ಡಿಗೇ ಸರಿಹೋಗುವ ಸ್ಥಿತಿ ಬಂದಾಗ, ಅವಧಿಯನ್ನು ವಿಸ್ತರಿಸಿ ಪ್ರಯೋಜನವಿಲ್ಲವೆಂದು ಬ್ಯಾಂಕು ಕಂತನ್ನು 54,500ಕ್ಕೆ ಏರಿಸಿತು. ಅದರಲ್ಲಿ 24,000 ಪತ್ನಿಯದು.

ಅವರು ನನ್ನ ಬಳಿಗೆ ಬಂದದ್ದು 2024ರ ಆರಂಭದಲ್ಲಿ, 3 ಲಕ್ಷ ರೂಪಾಯಿಯ ಬೋನಸ್ಸಿನ ಜಗಳವನ್ನು ಹೊತ್ತುಕೊಂಡು. ಅದನ್ನು ಸಾಲದ ಅಸಲಿಗೆ ಕಟ್ಟಬೇಕೆಂದು ಪತ್ನಿ, ತಾಯಿಯ ಮಂಡಿಯ ಶಸ್ತ್ರಚಿಕಿತ್ಸೆಗೆ ಕೊಡಬೇಕೆಂದು ಪತಿ. ಪತ್ನಿಯ ಲೆಕ್ಕ ತಪ್ಪಾಗಿರಲಿಲ್ಲ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ವಿಧಿಸುವಂತಿಲ್ಲ, ಮತ್ತು ಸಾಲದ ಮೊದಲ ವರ್ಷಗಳಲ್ಲಿ ಅಸಲಿಗೆ ಕಟ್ಟಿದ ಪ್ರತಿ ರೂಪಾಯಿ ಮುಂದಿನ ಎಷ್ಟೋ ವರ್ಷಗಳ ಬಡ್ಡಿಯನ್ನು ಉಳಿಸುತ್ತದೆ. ಆದರೆ ಇಬ್ಬರೂ ವಾದಿಸುತ್ತಿದ್ದ ರೀತಿಯಲ್ಲಿ, ಆ ಮೂರು ಲಕ್ಷಕ್ಕಿಂತ ದೊಡ್ಡದಾದ ಯಾವುದೋ ಮೊತ್ತವನ್ನು ಇಬ್ಬರೂ ಹೆಸರಿಸದೆ ಬಿಡುತ್ತಿದ್ದರು. ಆದ್ದರಿಂದ ಮೇಷ್ಟ್ರನ್ನೂ ಕರೆತರುವಂತೆ ಕೇಳಿದೆ. ಪತಿ ಮೊದಲು ಒಪ್ಪಲಿಲ್ಲ. ತಂದೆಯನ್ನು ಕೌನ್ಸೆಲಿಂಗಿಗೆ ಎಳೆದು ತರುವುದು ಅವಮಾನವೆಂದು ಅವರಿಗೆ ಅನ್ನಿಸಿತ್ತು. ಮೇಷ್ಟ್ರು ತಾವೇ ಬಸ್ಸು ಹತ್ತಿ ಬಂದರು.

ಆ ದಿನ ನಾನು ಹೆಚ್ಚು ಮಾತನಾಡಲಿಲ್ಲ. ಮೂವರಿಗೂ ಒಂದೊಂದು ಹಾಳೆ ಕೊಟ್ಟು, 22 ಲಕ್ಷ ಯಾತಕ್ಕಾಗಿ ಕೈ ಬದಲಾಯಿಸಿತೆಂದು ಒಬ್ಬರದನ್ನೊಬ್ಬರು ನೋಡದೆ ಬರೆಯಲು ಹೇಳಿದೆ. ‘ಅಪ್ಪ ಮಾಡಿದ ಸಹಾಯ, ಅನುಕೂಲವಾದಾಗ ಕೊಡುತ್ತೇನೆ’ ಎಂದು ಮಗ ಬರೆದಿದ್ದರು. ‘ಮಗನಿಗೆ ಕೊಟ್ಟದ್ದು, ನನಗೂ ಅದಕ್ಕೂ ಸಂಬಂಧವಿಲ್ಲ’ ಎಂದು ಸೊಸೆ. ಮೇಷ್ಟ್ರು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದು, ಕೊನೆಗೆ ದುಂಡಗಿನ ಅಕ್ಷರದಲ್ಲಿ ಎರಡೇ ಪದ ಬರೆದರು: ‘ನಮ್ಮಿಬ್ಬರ ಕೋಣೆ.’

ಮಗನಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿ, “ನಾನು ಮನೆ ಕೇಳ್ಲಿಲ್ಲ ಮೇಡಂ. ಊರಿಂದ ಬಂದಾಗ ‘ವಾಪಸ್ ಯಾವತ್ತು ಹೊರಡ್ತೀರಿ’ ಅಂತ ಯಾರೂ ಕೇಳದೇ ಇರೋ ಒಂದು ಕೋಣೆ ಇರುತ್ತೆ ಅಂತ ನಾವಿಬ್ಬರೂ ಅಂದ್ಕೊಂಡಿದ್ವಿ. ಈಗ ಅಲ್ಲಿ ಕಂಪ್ಯೂಟರ್ ಇದೆ. ಹೋದ ಸಲ ಇವಳಿಗೆ ಹಾಲ್‌ನಲ್ಲಿ ಹಾಸಿಗೆ ಹಾಸಿದ್ರು, ಮಂಡಿನೋವಿಗೆ ನೆಲದಿಂದ ಏಳಕ್ಕಾಗಲ್ಲ” ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ, ವರದಿಯಿತ್ತು.

ಸೊಸೆ ಅಳಲಿಲ್ಲ, ಕೋಪಗೊಂಡರು. “ಇದನ್ನ ನನಗೆ ಯಾರು ಹೇಳಿದ್ರು ಮಾವ? ಆ ಕೋಣೇಲಿ ಕೂತು ದುಡಿದ ಸಂಬಳದಲ್ಲೇ ನಾನು ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ ಕಟ್ಟೋದು. ಸಾಲದಲ್ಲಿ ನನ್ನ ಹೆಸರಿದೆ, ಪತ್ರದಲ್ಲಿಲ್ಲ. ನೀವು ಕೋಣೆ ಅಂದ್ಕೊಂಡ್ರಿ, ನಾನು ಮನೆ ಅಂದ್ಕೊಂಡೆ. ಇಬ್ಬರಿಗೂ ಕಾಗದದಲ್ಲಿ ಏನೂ ಇಲ್ಲ.”

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಮಗನನ್ನು ನೋಡಿ ಕೇಳಿದರು: “ಅವಳ ಹೆಸರು ಹಾಕ್ಸಿಲ್ವೇನೋ?”

ಅಲ್ಲಿಯವರೆಗೆ ಮಾವ ಒಂದು ಕಡೆ, ಸೊಸೆ ಒಂದು ಕಡೆ ಎಂದಿದ್ದ ವ್ಯಾಜ್ಯ ಆ ಒಂದು ಪ್ರಶ್ನೆಯಿಂದ ಬೇರೆಯಾಯಿತು. ಮನೆಗೆ ಹಣ ಹಾಕಿದವರು ಮೂವರು, ಒಡೆಯ ಒಬ್ಬ. ಆ ಒಬ್ಬನೂ ಯಾರನ್ನೂ ವಂಚಿಸಬೇಕೆಂದು ಹಾಗೆ ಮಾಡಿದವನಲ್ಲ. ಏಜೆಂಟು ‘ಒಬ್ಬರ ಹೆಸರಾದರೆ ಸಲೀಸು’ ಎಂದಿದ್ದನ್ನು ಕೇಳಿ, ಮುಂದಿನದನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡವನು.

ನಾನು ಕೊಟ್ಟ ಮೊದಲ ಸಲಹೆ, 22 ಲಕ್ಷದಲ್ಲಿ ಎಷ್ಟು ಕೊಡುಗೆ, ಎಷ್ಟು ಸಾಲ ಎಂದು ಮೇಷ್ಟ್ರೇ ತೀರ್ಮಾನಿಸಿ ಬರವಣಿಗೆಯಲ್ಲಿ ಇಡಬೇಕೆಂಬುದು. ಬ್ಯಾಂಕಿನ ಪಾಸ್‌ಬುಕ್ಕು ಹಣ ಹೋದದ್ದನ್ನು ತೋರಿಸುತ್ತದೆಯೇ ಹೊರತು ಯಾವ ಮಾತಿನ ಮೇಲೆ ಹೋಯಿತೆಂಬುದನ್ನು ತೋರಿಸುವುದಿಲ್ಲ. ತಂದೆ ಮಗನಿಗೆ ಕೊಟ್ಟ ಕೊಡುಗೆಗೆ ಆದಾಯ ತೆರಿಗೆ ಇಲ್ಲ, ಅದಕ್ಕೊಂದು ಸರಳ ಪತ್ರ ಸಾಕು. ಸಾಲವಾದರೆ, ಸಾಮಾನ್ಯವಾಗಿ ಮೂರು ವರ್ಷದೊಳಗೆ ಸಾಲಗಾರನ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಕಾನೂನಿನ ಕಣ್ಣಿನಲ್ಲಿ ಅದಕ್ಕೆ ಬಲ ಉಳಿಯುವುದಿಲ್ಲ. ಇವರ ವಿಷಯದಲ್ಲಿ ಆ ಗಡುವಿಗೆ ಕೆಲವೇ ತಿಂಗಳಿತ್ತು.

ಮೇಷ್ಟ್ರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. “ಹೆತ್ತ ಮಗನ ಹತ್ರ ಪತ್ರ ಬರೆಸ್ಕೊಳ್ಳೋದಾ?” ಎಂದರು. ಈ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ; ಸಂಸಾರದೊಳಗೆ ವಕೀಲರ ವ್ಯವಹಾರ ತರುತ್ತೀರೆಂದು ಕೆಲವರು ನನ್ನ ಮೇಲೆ ಬೇಸರಿಸಿಕೊಂಡೂ ಹೋಗಿದ್ದಾರೆ. ನಾನು ಅವರಿಗೆ ಹೇಳಿದ್ದು ಇಷ್ಟೇ: ಡೇರಿಗೆ ಹಾಕುವ ಅರ್ಧ ಲೀಟರ್ ಹಾಲನ್ನೂ ನೀವು ಪುಸ್ತಕದಲ್ಲಿ ಬರೆಸುತ್ತೀರಿ, ಕಾರ್ಯದರ್ಶಿ ಕಳ್ಳನೆಂದಲ್ಲ, ತಿಂಗಳ ಕೊನೆಗೆ ಇಬ್ಬರಿಗೂ ಒಂದೇ ಲೆಕ್ಕ ನೆನಪಿರಲಿ ಎಂದು. ಬರೆದಿಡದ ಹಣದ ಬಗ್ಗೆ ಪ್ರತಿಯೊಬ್ಬರೂ ತಮಗೆ ಒಪ್ಪುವ ಕಥೆಯನ್ನು ಕಟ್ಟಿಕೊಳ್ಳುತ್ತಾರೆ, ವರ್ಷ ಕಳೆದಂತೆ ಅದನ್ನೇ ನಂಬುತ್ತಾರೆ. ಆ ಮೂರು ಹಾಳೆಗಳಲ್ಲಿ ಒಂದರಲ್ಲೂ ಸುಳ್ಳಿರಲಿಲ್ಲ ಎಂಬುದೇ ನನ್ನನ್ನು ಕಾಡಿದ್ದು. ಮೇಷ್ಟ್ರು ಒಂದು ವಾರ ಯೋಚಿಸಿ, 10 ಲಕ್ಷ ಕೊಡುಗೆ, 12 ಲಕ್ಷ ಸಾಲ ಎಂದು ಬರೆದು ಕಳಿಸಿದರು.

ಎರಡನೆಯ ಸಲಹೆಗೆ ಹೆಚ್ಚು ವಿರೋಧ ಬಂತು. ಬೋನಸ್ಸಿನ 3 ಲಕ್ಷವನ್ನು ಆ 12 ಲಕ್ಷದ ಮೊದಲ ಮರುಪಾವತಿಯಾಗಿ ಮೇಷ್ಟ್ರಿಗೆ ಕೊಡಬೇಕು, ಬ್ಯಾಂಕಿಗಲ್ಲ ಎಂದೆ. ನಾನು ಅಭಿಪ್ರಾಯ ಕೇಳಿದ ಬ್ಯಾಂಕಿಂಗ್ ಹಿನ್ನೆಲೆಯ ಸ್ನೇಹಿತರೊಬ್ಬರು, ಶೇ 9.25ರ ಸಾಲವನ್ನು ಇಟ್ಟುಕೊಂಡು ಬಡ್ಡಿಯಿಲ್ಲದ ಸಾಲವನ್ನು ಮೊದಲು ತೀರಿಸುವುದು ಯಾವ ಲೆಕ್ಕವೆಂದು ಕೇಳಿದರು. ಬಡ್ಡಿಯಿಲ್ಲದ್ದು ಯಾರಿಗೆ ಎಂಬುದು ನನ್ನ ಮರುಪ್ರಶ್ನೆ. 2021ರ ಸೆಪ್ಟೆಂಬರಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ ಶೇ 7.4 ಇತ್ತು, ಮಿತಿ 15 ಲಕ್ಷ. ಮೇಷ್ಟ್ರು ಅಷ್ಟನ್ನು ಅಂಚೆ ಕಚೇರಿಯಲ್ಲಿಟ್ಟಿದ್ದರೆ ಮೂರು ತಿಂಗಳಿಗೊಮ್ಮೆ 27,750 ರೂಪಾಯಿ ಬರುತ್ತಿತ್ತು, ಎರಡೂವರೆ ವರ್ಷಕ್ಕೆ 2,77,500. ಯಾವ ಬೋನಸ್ಸಿಗಾಗಿ ಗಂಡ ಹೆಂಡಿರು ಜಗಳವಾಡುತ್ತಿದ್ದರೋ, ಹೆಚ್ಚುಕಡಿಮೆ ಅಷ್ಟು ಹಣವನ್ನು ಹಿರಿಯರು ಆಗಲೇ ಬಿಟ್ಟುಕೊಟ್ಟಿದ್ದರು. ಕಮ್ಯುಟೇಶನ್ ಮಾಡಿಸಿದ್ದರಿಂದ ಅವರ ತಿಂಗಳ ಪಿಂಚಣಿಯೂ ಕಡಿಮೆಯಾಗಿತ್ತು. ಬ್ಯಾಂಕಿನ ಬಡ್ಡಿ ಪ್ರತಿ ತಿಂಗಳೂ ಮೊಬೈಲಿಗೆ ಸಂದೇಶವಾಗಿ ಬರುತ್ತದೆ, ಹಿರಿಯರ ಬಡ್ಡಿ ಎಲ್ಲಿಯೂ ಬರುವುದಿಲ್ಲ. ಕಾಣಿಸುವುದಿಲ್ಲವೆಂದು ಅದನ್ನು ಸೊನ್ನೆಯೆಂದು ಬರೆದುಕೊಳ್ಳುವ ಲೆಕ್ಕವನ್ನು ನಾನು ಲೆಕ್ಕವೆಂದು ಒಪ್ಪುವುದಿಲ್ಲ. ವಿಚಿತ್ರವೆಂದರೆ ಇದನ್ನು ಮೊದಲು ಒಪ್ಪಿದವರು ಸೊಸೆಯೇ, ಅಂಕಿಗಳನ್ನು ನೋಡಿದ ಮೇಲೆ.

ಮೂರನೆಯದು ಸೊಸೆಯ ಹೆಸರಿನ ವಿಚಾರ. ಸಹಸಾಲಗಾರರಾಗಿ ಅವರು ಇಡೀ 60 ಲಕ್ಷಕ್ಕೂ ಹೊಣೆ. ಪತಿ ಕಂತು ತಪ್ಪಿಸಿದರೆ ಇವರ ಕ್ರೆಡಿಟ್ ದಾಖಲೆಯೂ ಕೆಡುತ್ತದೆ. ಹಾಗಿದ್ದೂ ಮನೆಯಲ್ಲಿ ಒಡೆತನವಿಲ್ಲದ ಕಾರಣ, ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಇರುವ ವಿನಾಯಿತಿಯೂ ಅವರಿಗೆ ಸಿಗುವುದಿಲ್ಲ. ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು, ಅರ್ಧ ಭಾಗವನ್ನು ನೋಂದಾಯಿತ ದಾನಪತ್ರದ ಮೂಲಕ ಪತ್ನಿಗೆ ಕೊಡಬಹುದು. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಅಲ್ಪ, ಆದರೆ ಸ್ಥಳೀಯ ಸಂಸ್ಥೆಯ ದಾಖಲೆಯಲ್ಲಿರುವ ಮನೆಯ ಖಾತೆಯನ್ನೂ ಬದಲಾಯಿಸಿಕೊಳ್ಳಬೇಕು. ಇದಿಷ್ಟೂ ಓಡಾಟ, ಕ್ರಯಪತ್ರ ಮಾಡಿಸುವಾಗಲೇ ಎರಡು ಹೆಸರು ಬರೆಸಿದ್ದರೆ ಬೇಕಿರಲಿಲ್ಲ. ಪತಿ ಈ ಸಲಹೆಯನ್ನು ಕೇಳಿ ಬಹಳ ದಿನ ಸುಮ್ಮನಿದ್ದರು. ನಾನು ಒತ್ತಾಯಿಸಲಿಲ್ಲ, ಒತ್ತಾಯಿಸಿದ್ದು ಅವರ ತಂದೆ.

ಕೋಣೆಯ ಬಗ್ಗೆ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಅದನ್ನು ಮಾವನಿಗೆ ಬಿಟ್ಟುಕೊಡಬೇಕೆಂದು ಹೇಳುವುದು ಸುಲಭವಿತ್ತು, ಓದುಗರಲ್ಲಿ ಅನೇಕರಿಗೆ ಹಿತವೂ ಆಗುತ್ತಿತ್ತು. ಆದರೆ ಹಿರಿಯರ ನಿರೀಕ್ಷೆಯ ಬೆಲೆಯನ್ನು, ಆ ನಿರೀಕ್ಷೆಯ ವಿಷಯವೇ ತಿಳಿಯದಿದ್ದ ಹೆಣ್ಣುಮಗಳ ದುಡಿಮೆಯಿಂದ ವಸೂಲಿ ಮಾಡುವುದು ನನಗೆ ನ್ಯಾಯವೆನಿಸುವುದಿಲ್ಲ. ಅತ್ತೆಯ ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ಸೊಸೆ ತಮ್ಮ ಮೇಜನ್ನು ಮಲಗುವ ಕೋಣೆಗೆ ಒಯ್ದುಕೊಂಡರೆಂದು ಕೇಳಿದೆ. ಈಗ ಆ ಕೋಣೆಯಲ್ಲಿ ಮೇಜೂ ಇದೆ, ಮಂಚವೂ ಇದೆ, ಇಕ್ಕಟ್ಟಂತೆ.

ಮನೆ ಕೊಳ್ಳಲು ಹೊರಟ ದಂಪತಿ ಈಗ ನನ್ನನ್ನು ಕಂಡರೆ, ಬಡ್ಡಿದರದ ಮಾತಿಗೆ ಮೊದಲು ನಾನು ಕೇಳುವುದು ಕೈಹಣದ ಮೂಲವನ್ನು. ಹಿರಿಯರು ಕೊಡುತ್ತಿದ್ದಾರೆಂದರೆ, ಅವರು ಕೊಟ್ಟ ಮೇಲೆ ಅವರ ಬಳಿ ಎಷ್ಟು ಉಳಿಯುತ್ತದೆ, ಅವರ ಆರೋಗ್ಯ ವಿಮೆ ಏನಾಗಿದೆ, ಹಣ ಹಿಂದಿರುಗಬೇಕೋ ಬೇಡವೋ, ಆ ಮನೆಯಲ್ಲಿ ವಾಸಿಸುವ ಆಸೆ ಅವರಿಗಿದೆಯೋ, ಇತರ ಮಕ್ಕಳಿಗೆ ವಿಷಯ ತಿಳಿದಿದೆಯೋ ಎಂದು ಅವರೆದುರಿಗೇ ಕೇಳಿ, ಮುಂಗಡ ಕೊಡುವ ಮೊದಲು ಬರೆದುಕೊಳ್ಳಲು ಹೇಳುತ್ತೇನೆ. ಈ ಪ್ರಶ್ನೆಗಳನ್ನು ಕೇಳಲು ಸಂಕೋಚವಾಗುವಷ್ಟು ದೊಡ್ಡ ಮೊತ್ತವಾದರೆ, ಅಷ್ಟು ದೊಡ್ಡ ಮನೆ ಬೇಡವೆಂದೇ ನನ್ನ ಅಭಿಪ್ರಾಯ. ಹಾಗೆ ಹೇಳಿದ್ದಕ್ಕೆ ಎದ್ದು ಹೋದವರಿದ್ದಾರೆ.

2025ರಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ ದರ ಶೇ 6.5ರಿಂದ ಶೇ 5.5ಕ್ಕೆ ಇಳಿದಾಗ ಈ ದಂಪತಿ ಮತ್ತೆ ಫೋನು ಮಾಡಿದರು. ಕಂತನ್ನು ಹಾಗೆಯೇ ಉಳಿಸಿಕೊಂಡು ಅವಧಿಯನ್ನು ಕಡಿಮೆ ಮಾಡುವುದೋ, ಕಂತನ್ನು ಇಳಿಸಿಕೊಳ್ಳುವುದೋ ಎಂಬುದು ಪ್ರಶ್ನೆ. ಬೇರೆಯವರಾಗಿದ್ದರೆ ಮೊದಲನೆಯದನ್ನೇ ಹೇಳುತ್ತಿದ್ದೆ. ಇವರಿಗೆ ಕಂತು ಇಳಿಸಿಕೊಂಡು, ಉಳಿಯುವ ಮೂರು ಸಾವಿರ ಚಿಲ್ಲರೆಯನ್ನು ಮೇಷ್ಟ್ರಿಗೆ ಅವರ ಸಾಲದ ಬಾಬ್ತು ತಿಂಗಳು ತಿಂಗಳು ಹೋಗುತ್ತಿದ್ದ ಮೊತ್ತಕ್ಕೆ ಸೇರಿಸಲು ಹೇಳಿದೆ. ಕೊಡುಗೆಯಾದ 10 ಲಕ್ಷದ ವಿಷಯವನ್ನು ಮೇಷ್ಟ್ರು ಮಗಳಿಗೆ ತಾವೇ ತಿಳಿಸಿದ್ದಾರೆ. ಊರಿನ ಮನೆಯನ್ನು ಅವಳಿಗೆ ವಿಲ್ ಬರೆಯುವ ಯೋಚನೆ ಅವರದು. ಮಗ ಅದಕ್ಕೆ ಇನ್ನೂ ಏನೂ ಹೇಳಿಲ್ಲ.