ಅಲಾಯ್ ವೀಲ್ ಮೇಲಿನ ಹಳೇ ವ್ಯಾಕ್ಸ್‌ಗೆ ಥಿನ್ನರ್ ಹಾಕ್ಬೋದಾ?

ಪ್ರಶ್ನೆ: ಸರ್, ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಹಳೇ ಓನರ್ ಅಲಾಯ್ ವೀಲ್‌ಗೆ ವ್ಯಾಕ್ಸೋ ಸೀಲೆಂಟೋ (ಹೊಳಪಿಗೆ, ಕೊಳೆ ತಡೆಯೋಕೆ ಹಚ್ಚೋ ಪದರ) ಏನೋ ಹಚ್ಚಿಸಿದ್ರಂತೆ. ಈಗ ನೀರು ಹಾಕಿದ್ರೆ ಒಂದ್ಕಡೆ ಹನಿಹನಿಯಾಗಿ ನಿಲ್ಲುತ್ತೆ, ಇನ್ನೊಂದ್ಕಡೆ ಹರಡ್ಕೊಳ್ಳುತ್ತೆ, ಅಲ್ಲಲ್ಲಿ ಮಂಕು ಕಲೆ ಬೇರೆ. ಹೊಸ ಸೀಲೆಂಟ್ ಹಚ್ಚೋಣ ಅಂತಿದೀನಿ, ನಮ್ ಭಾವ ಥಿನ್ನರಲ್ಲಿ ಒರೆಸು ಸಾಕು ಅಂತಾರೆ. ಒರೆಸ್ಲಾ?
– ಓದುಗರೊಬ್ಬರು, ಉಡುಪಿ

ಉತ್ತರ: ಬೇಡ. ಅಲಾಯ್ ಮೇಲೆ ಪೇಂಟ್, ಅದರ ಮೇಲೆ ಕಾಣದ ಹಾಗೆ ಒಂದು ಕ್ಲಿಯರ್ ಕೋಟ್ ಇರುತ್ತೆ, ಥಿನ್ನರ್ ವ್ಯಾಕ್ಸ್ ತೆಗೆಯೋ ಜೊತೆಗೆ ಅದನ್ನೂ ಮೆತ್ತಗೆ ಮಾಡಿಬಿಡುತ್ತೆ. ಕ್ಲಿಯರ್ ಕೋಟ್ ಹೋದ್ರೆ ನಿಮ್ಮೂರಿನ ಉಪ್ಪುಗಾಳಿಗೆ ಅಲ್ಯೂಮಿನಿಯಂ ಬಿಳಿಬಿಳಿ ಪುಡಿ ಏಳೋಕೆ ಶುರುವಾಗುತ್ತೆ. ಸೀಮೆಎಣ್ಣೆನೂ ಬೇಡ, ಎಣ್ಣೆ ಜಿಡ್ಡು ಉಳಿಸುತ್ತೆ.

ಆದ್ರೆ ನೀವು ಹೇಳೋ ಕಲೆ ವ್ಯಾಕ್ಸ್‌ದೇ ಅಂತ ನಂಗೆ ಅನ್ಸಲ್ಲ. ಬ್ರೇಕ್ ಹಾಕಿದಾಗೆಲ್ಲ ಡಿಸ್ಕ್, ಪ್ಯಾಡ್ ಸವೆದು ಬಿಸಿ ಕಬ್ಬಿಣದ ಪುಡಿ ಹಾರಿ ಚಕ್ರಕ್ಕೆ ಅಂಟ್ಕೊಳ್ಳುತ್ತೆ, ಬರೀ ಶಾಂಪೂಗೆ ಅದು ಬಿಡಲ್ಲ. ಹೀಗೆ ಕೊಳೆ ಕೂತ ಕಡೆ ಕೆಳಗೆ ಸೀಲೆಂಟ್ ಚೆನ್ನಾಗಿದ್ರೂ ನೀರು ಹನಿ ಕಟ್ಟಲ್ಲ! ಅದಕ್ಕೆ ಮೊದಲು ಚಕ್ರ ಪೂರ್ತಿ ತಣ್ಣಗಾದ ಮೇಲೆ ನೆರಳಲ್ಲಿ ಶಾಂಪೂ ಹಾಕಿ ತೊಳೀರಿ, ಆಮೇಲೆ ಗ್ಲೌಸ್ ಹಾಕ್ಕೊಂಡು ಐರನ್ ರಿಮೂವರ್ ಸ್ಪ್ರೇ ಮಾಡಿ, ಕೊಳೆತ ಮೊಟ್ಟೆ ತರ ನಾರುತ್ತೆ, ಕಬ್ಬಿಣ ಇದ್ದಲ್ಲಿ ನೇರಳೆ ಬಣ್ಣ ಇಳಿಯುತ್ತೆ, ಗಾಬರಿ ಬೇಡ, ಬಾಟಲಿ ಮೇಲೆ ಹೇಳಿರೋಷ್ಟು ಹೊತ್ತು ಬಿಟ್ಟು ಒಣಗೋಕೆ ಮುಂಚೆ ತೊಳೀರಿ. ಈಗ ಮತ್ತೆ ನೀರು ಹಾಕಿ ನೋಡಿ. ಎಲ್ಲಾ ಕಡೆ ಹನಿ ನಿಂತ್ರೆ ಕಲೆ ಹೋಯ್ತು, ಸೀಲೆಂಟ್ ಉಳೀತು, ದುಡ್ಡೂ ಉಳೀತು.

ಇನ್ನೂ ಅಲ್ಲಲ್ಲೇ ನಿಲ್ತಿದ್ರೆ ಹಳೇ ಸೀಲೆಂಟ್ ಅಲ್ಲಲ್ಲಿ ಸವೆದಿದೆ ಅಂತ. ಆಗ ಮಾತ್ರ ಅದನ್ನ ಪೂರ್ತಿ ತೆಗೆಯೋಕೆ ಟಾರ್ ರಿಮೂವರ್ (ಡಾಂಬರು ಕಲೆ ತೆಗೆಯೋ ದ್ರಾವಣ) ಬಟ್ಟೆಗೆ ಹಾಕ್ಕೊಂಡು ಒರೆಸಿ, ಪೇಂಟಿಗೆ ಸೇಫ್ ಅಂತ ಬರೆದಿರೋದೇ ತಗೊಳ್ಳಿ, ಮೊದಲು ಮೂಲೇಲಿ ಟೆಸ್ಟ್ ಮಾಡಿ. ಮತ್ತೆ ಶಾಂಪೂ ವಾಶ್, ಮುಟ್ಟಿದ್ರೆ ತರಿತರಿ ಅನ್ಸಿದ ಕಡೆ ಶಾಂಪೂ ನೀರಿನ ಜೊತೆ ಕ್ಲೇ ಬಾರ್ (ಅಂಟಿದ ಕೊಳೆ ಎತ್ತೋ ಮೆತ್ತನೆ ಜೇಡಿಯಂಥ ಉಂಡೆ) ಉಜ್ಜಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿದ್ರೆ ಉಳಿದ ಜಿಡ್ಡು ಹೋಗುತ್ತೆ. ಮನೇಲಿ ಉಳಿದಿರೋ ಸ್ಯಾನಿಟೈಸರ್ ಬಳಸ್ಬೇಡಿ, ಗ್ಲಿಸರಿನ್ ಇದ್ರೆ ಅದೇ ಇನ್ನೊಂದು ಪದರ ಆಗುತ್ತೆ. ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರ್ ಅಂತೂ ಹತ್ರಾನೂ ತರ್ಬೇಡಿ, ನಾನು ಒಂದು ಚಕ್ರ ಹಾಗೇ ಹಾಳು ಮಾಡ್ಕೊಂಡಿದೀನಿ.

ಇಷ್ಟಾದ್ರೂ ನೀರು ಹನಿ ಕಟ್ತಾನೇ ಇದ್ರೆ ಅದು ಸೆರಾಮಿಕ್ ಕೋಟಿಂಗ್ ಇರ್ಬೋದು, ಅದು ಇಂಥ ದ್ರಾವಣಕ್ಕೆಲ್ಲ ಬರಲ್ಲ, ಪಾಲಿಶ್ ಮಾಡೇ ತೆಗೀಬೇಕು, ಡೀಟೇಲಿಂಗ್ ಅಂಗಡಿಗೆ ಬಿಡಿ.

ಹೊಸದು ಹಚ್ಚುವಾಗ ಡಿಸ್ಕ್ ಮೇಲೆ ಒಂದು ಹನಿನೂ ಬೀಳಬಾರದು, ಬ್ರೇಕ್ ಹಿಡಿಯಲ್ಲ. ಗಾಡಿ ಹೊರಗೆ ತೆಗೆದ ತಕ್ಷಣ ನಿಧಾನಕ್ಕೆ ಹೋಗ್ತಾ ಎರಡ್ಮೂರು ಸಲ ಬ್ರೇಕ್ ಒತ್ತಿ ನೋಡ್ಕೊಳ್ಳಿ.