ಮನೆಯ ಪಾರ್ಟಿಯಲ್ಲಿ ಬಫೆ ಟೇಬಲ್ ಹೇಗೆ ಜೋಡಿಸಿದರೆ ನೂಕುನುಗ್ಗಲು ಆಗಲ್ಲ?

ತಟ್ಟೆಗಳು ಸಾಲು ಶುರುವಾಗುವ ಕಡೆ ಇರಲಿ, ಚಮಚ ಮತ್ತು ಟಿಶ್ಯೂ ಕೊನೆಯಲ್ಲಿ. ಟೇಬಲನ್ನು ಗೋಡೆಯಿಂದ ಈಚೆಗೆ ಎಳೆದು, ಪಾತ್ರೆಗೆ ಎರಡೆರಡು ಸೌಟು ಹಾಕಿ. ಆಗ ಎರಡೂ ಬದಿಯಿಂದ ಬಡಿಸಿಕೊಳ್ಳಬಹುದು. 30 ಜನರ ಹುಟ್ಟುಹಬ್ಬಕ್ಕೆ ಇಷ್ಟು ಸಾಕು.

ತಟ್ಟೆ ಹಿಡಿದ ಮೇಲೆ ಉಳಿಯುವುದು ಒಂದೇ ಕೈ, ಅಲ್ವಾ? ಮೊದಲೇ ಚಮಚ ಕೊಟ್ಟರೆ ಆ ಕೈಯೂ ಹೋಯ್ತು. ಪಲಾವ್ ಹಾಕಿಕೊಳ್ಳಲು ಅದನ್ನು ಎಲ್ಲಿಡುವುದು ಅಂತ ಹುಡುಕುತ್ತಾ ನಿಲ್ಲುತ್ತಾರೆ, ಹಿಂದಿನವರೆಲ್ಲ ಕಾಯುತ್ತಾರೆ. ಯಾವ ಪಾತ್ರೆಯ ಹತ್ತಿರ ಜಾಸ್ತಿ ಹೊತ್ತು ಹಿಡಿಯುತ್ತದೋ, ಇಡೀ ಸಾಲು ಅದೇ ವೇಗದಲ್ಲಿ ಸಾಗುತ್ತದೆ. ಅದಕ್ಕೇ ಪಾನಿಪೂರಿ, ಬಿಸಿ ದೋಸೆ, ಕುಡಿಯುವ ನೀರು ಬೇರೆ ಟೇಬಲಿಗೆ ಹೋಗಬೇಕು. ಸಾರು ಕೊನೆಗೆ. ತುಂಬಿದ ಬಟ್ಟಲು ಹಿಡಿದು ನಾಲ್ಕು ಪಾತ್ರೆ ದಾಟುವುದು ಕಷ್ಟ.

ಪಾತ್ರೆಯ ಪಕ್ಕ ಸೌಟಿಡಲು ಒಂದು ಸಣ್ಣ ತಟ್ಟೆ ಮರೆಯಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ಮರೆತಿದ್ದೆವು. ಸೌಟು ಹಿಡಿಯ ಸಮೇತ ಸಾಗುವಿನೊಳಗೆ ಜಾರಿ, ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿದ್ದರು!

ಅಲಂಕಾರ? ಹಿತ್ತಾಳೆ ಚೊಂಬಿನಲ್ಲಿ ಚೆಂಡುಹೂವು, ಟೇಬಲಿನ ಮೂಲೆಯಲ್ಲಿ. ಪಾತ್ರೆಗಳ ನಡುವೆ ಸುಮ್ನೆ ಎಸಳು ಚೆಲ್ಲಿದರೆ ಫೋಟೋಗೆ ಚೆಂದ, ಆಮೇಲೆ ಮೊಸರುಬಜ್ಜಿಯಲ್ಲಿ ಸಿಗುತ್ತವೆ. ಮೇಣದಬತ್ತಿಯಂತೂ ಬೇಡವೇ ಬೇಡ. ಬಡಿಸಿಕೊಳ್ಳಲು ಬಗ್ಗಿದಾಗ ಸೆರಗು ಮೊದಲು ತಾಗುವುದು ಅದಕ್ಕೇ.